ಟ್ರೇಡ್ ಮಾಡಬೇಕಾ, ಸೈನ್ ಮಾಡಬೇಕಾ, ಸುಮ್ನೆ ಕೂರಬೇಕಾ? ಎನ್‌ಬಿಎ ತಂಡ ಕಟ್ಟುವವರಿಗೆ ಒಂದು ಹೋಲಿಕೆ

ಫೆಬ್ರವರಿ ಮೊದಲ ವಾರ ಬಂತೆಂದರೆ ನನಗೆ ಎರಡು ಪೇಟೆ. ಹಗಲೆಲ್ಲ ಕಲಬುರಗಿಯ ಗಂಜ್‌ನಲ್ಲಿ ತೊಗರಿ. ಅಲ್ಲೊಂದು ಅಡತ್ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಮಾತ್ರ ಎನ್‌ಬಿಎ, ಅಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ 5:30ಕ್ಕೆ ಸಿಗುತ್ತದೆ. ನಾವು ಐದಾರು ಜನ ಕಾಲೇಜು ಅಂಗಳದಲ್ಲಿ ಒಂದು ಗಂಟೆ ಆಡುತ್ತೇವೆ. ಆಮೇಲೆ ಚಹಾ ಅಂಗಡಿಯ ಬೆಂಚಿನ ಮೇಲೆ ಒಂದೇ ಮೊಬೈಲ್ ಒರಗಿಸಿಟ್ಟು ಉಳಿದ ಪಂದ್ಯ ನೋಡುತ್ತೇವೆ.

ಆ ವಾರ ಆಟಕ್ಕಿಂತ ಮಾತೇ ಜಾಸ್ತಿ. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಟ್ರೇಡ್‌ನ ಗಡುವು ನಮ್ಮ ಗಡಿಯಾರದಲ್ಲಿ ರಾತ್ರಿ 1:30ಕ್ಕೆ ಮುಗಿಯುತ್ತದೆ. ಅದಕ್ಕೂ ಮುಂಚೆ ಎಲ್ಲರ ಬಾಯಲ್ಲೂ ಒಂದೊಂದು ಯೋಜನೆ. ಅವನನ್ನು ಕೊಟ್ಟು ಇವನನ್ನು ತರೋಣ, ಇನ್ನೊಬ್ಬನನ್ನು ಜುಲೈನಲ್ಲಿ ಸೈನ್ ಮಾಡೋಣ, ಅಂದರೆ ನಮ್ಮ ಕರಾರಿಗೆ ಸಹಿ ಹಾಕಿಸೋಣ ಅಂತ. ನಮ್ಮ ಜೊತೆ ಒಬ್ಬ ನಿವೃತ್ತ ಪಿ.ಟಿ. ಮಾಸ್ತರ್ ಕೂರುತ್ತಾರೆ. ಒಂದು ಬೆಳಿಗ್ಗೆ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಬಹಳ ಹುರುಪಿನಿಂದ ಮೂರು ತಂಡಗಳ ಟ್ರೇಡ್ ಒಂದನ್ನು ಬಿಡಿಸಿ ಹೇಳಿದ. ಮಾಸ್ತರ್ ಪೂರ್ತಿ ಕೇಳಿಸಿಕೊಂಡು, "ಛಲೋ ಅದ ತಮ್ಮಾ. ಬಂದವಗ ಎಷ್ಟು ನಿಮಿಷ ಆಡಸ್ತಿ? ಆ ನಿಮಿಷ ಯಾರ ಕೈಯಿಂದ ಕಸಗೋತಿ?" ಅಂದರು. ಹುಡುಗನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಅವತ್ತಿನಿಂದ ನನ್ನ ಯೋಜನೆಗಳೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆಯಿಂದಲೇ ಶುರುವಾಗುತ್ತವೆ.

ಮೊದಲು 240 ನಿಮಿಷ ಹಂಚಿ

ಒಂದು ಪಂದ್ಯ 48 ನಿಮಿಷ. ಅಂಗಳದಲ್ಲಿ ಐದು ಜನ. ಒಟ್ಟು 240 ನಿಮಿಷ. ಕೋಟಿ ಕೋಟಿ ಸುರಿದರೂ 241 ಆಗುವುದಿಲ್ಲ. ತಂಡದಲ್ಲಿ ಪೂರ್ಣ ಕರಾರಿನ 15 ಜನ, ಜೊತೆಗೆ ಕೆಳಗಿನ ಲೀಗಿನಲ್ಲೂ ಆಡುವ ಟೂ-ವೇ ಕರಾರಿನ ಮೂವರು ಇರಬಹುದು. ಆದರೆ ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಪಂದ್ಯಗಳಾದ ಮೇಲಿನ ಕಪ್ ಸುತ್ತುಗಳಲ್ಲಿ, ನಿಜವಾಗಿ ಆಡುವವರು ಎಂಟು ಒಂಬತ್ತು ಜನ, ಅಷ್ಟೇ.

ಹಾಳೆಯ ಮೇಲೆ ಐದು ಸಾಲು ಎಳೆಯಿರಿ, ಒಂದೊಂದಕ್ಕೆ 48 ನಿಮಿಷ. ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದವನು) ಸಾಲಿನಲ್ಲಿ ಮುಖ್ಯ ಆಟಗಾರ 32 ಆಡಿದರೆ ಉಳಿದ 16 ಯಾರದು? ಚೆಂಡು ನಡೆಸುವ ಎದುರಾಳಿಯ ಒಳ್ಳೆಯ ಗಾರ್ಡ್‌ನನ್ನು ಕೊನೆಯ ಆರು ನಿಮಿಷ ಯಾರು ಕಾಯುತ್ತಾರೆ? ಮುಖ್ಯ ಆಟಗಾರ ಬೆಂಚಿಗೆ ಹೋದಾಗ ಚೆಂಡು ಯಾರ ಕೈಯಲ್ಲಿ? ಹೀಗೆ ಬರೆದರೆ ತೂತು ಎಲ್ಲಿದೆ ಅಂತ ತಾನಾಗಿ ಕಾಣುತ್ತದೆ. ಬಹಳ ಸಲ ಅದು ನಾವು ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ. ತಂಡ ಸೋತರೆ ನಾವು ಪಾಯಿಂಟ್ ಹೊಡೆಯುವವನನ್ನು ಹುಡುಕುತ್ತೇವೆ. ಹಾಳೆ ನೋಡಿದರೆ ಬೇಕಾಗಿರುವುದು ರಿಬೌಂಡ್, ಅಂದರೆ ಗುರಿ ತಪ್ಪಿ ವಾಪಸ್ ಬಂದ ಚೆಂಡು, ಹಿಡಿಯುವವನು.

ತೂತು ಗೊತ್ತಾದ ಮೇಲಷ್ಟೇ ಟ್ರೇಡ್, ಸೈನಿಂಗ್, ಕಾಯುವುದು, ಈ ಮೂರರಲ್ಲಿ ಯಾವುದು ಅನ್ನುವ ಮಾತು.

ತಂಡ ಯಾವ ಮೆಟ್ಟಿಲ ಮೇಲಿದೆ?

ಇದು ಸ್ವಲ್ಪ ಲೆಕ್ಕದ ಭಾಗ. ಆದರೆ ಬಿಡಬೇಡಿ. ಹತ್ತರಲ್ಲಿ ಏಳು ಯೋಜನೆ ಬಿದ್ದುಹೋಗುವುದು ಇಲ್ಲಿಯೇ.

2025-26ರ ಅಂಕಿ ಹೀಗಿವೆ. ತಂಡದ ಒಟ್ಟು ಸಂಬಳದ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, 15 ಕೋಟಿ 46 ಲಕ್ಷ ಡಾಲರ್. ದಾಟಿದರೆ ಲೀಗಿಗೆ ತೆರಿಗೆ ಕಟ್ಟಬೇಕಾದ ಲಕ್ಷುರಿ ಟ್ಯಾಕ್ಸ್ ಗೆರೆ 18 ಕೋಟಿ 79 ಲಕ್ಷ. ಅದಕ್ಕೂ ಮೇಲೆ ಏಪ್ರನ್ ಅನ್ನುವ ಎರಡು ಗೆರೆ. ಮೊದಲ ಏಪ್ರನ್ 19 ಕೋಟಿ 59 ಲಕ್ಷ. ಎರಡನೇ ಏಪ್ರನ್ 20 ಕೋಟಿ 78 ಲಕ್ಷ. ಕ್ಯಾಪ್ ಅಂದರೆ ದಾಟಲೇಬಾರದ ಗೋಡೆ ಅಲ್ಲ. ದಾಟಬಹುದು, ಹೆಚ್ಚಿನ ತಂಡಗಳು ದಾಟಿಯೇ ಇರುತ್ತವೆ. ಆದರೆ ಒಂದೊಂದು ಗೆರೆ ದಾಟಿದಂತೆ ಕೈಗೆ ಒಂದೊಂದು ಹಗ್ಗ ಬೀಳುತ್ತದೆ.

ಕ್ಯಾಪ್ ಕೆಳಗೆ ಇದ್ದರೆ ಉಳಿದ ಜಾಗದಷ್ಟು ದುಡ್ಡಿನಲ್ಲಿ ಕರಾರು ಮುಗಿದ ಯಾವ ಫ್ರೀ ಏಜೆಂಟನ್ನಾದರೂ ನೇರವಾಗಿ ಕರೆಯಬಹುದು. ಕ್ಯಾಪ್ ದಾಟಿದರೆ ಮಿಡ್-ಲೆವೆಲ್ ಎಕ್ಸೆಪ್ಷನ್ ಅನ್ನುವ ರಿಯಾಯಿತಿ ಇದೆ. 2025-26ರಲ್ಲಿ ಅದು 1 ಕೋಟಿ 41 ಲಕ್ಷ ಡಾಲರ್. ಅದನ್ನು ಪೂರ್ತಿ ಬಳಸಿದರೆ ಆ ವರ್ಷವಿಡೀ ಮೊದಲ ಏಪ್ರನ್ ದಾಟುವಂತಿಲ್ಲ. ಅದಕ್ಕಿಂತ ಮೇಲಿರುವ ತಂಡಕ್ಕೆ ಚಿಕ್ಕ ರಿಯಾಯಿತಿ, 56 ಲಕ್ಷ 85 ಸಾವಿರ ಮಾತ್ರ. ಎರಡನೇ ಏಪ್ರನ್ ದಾಟಿದರೆ ಅದೂ ಇಲ್ಲ. ಆಗ ಹೊರಗಿನವರಿಗೆ ಕನಿಷ್ಠ ಸಂಬಳದ ಕರಾರೊಂದೇ ಉಳಿಯುತ್ತದೆ.

ಟ್ರೇಡ್‌ಗೂ ಇದೇ ಮೆಟ್ಟಿಲು. ಕೆಳಗಿರುವ ತಂಡ ಕಳಿಸಿದ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ ಸಂಬಳದವನನ್ನು ತರಬಹುದು. ಮೊದಲ ಏಪ್ರನ್ ಮೇಲಿದ್ದರೆ ಒಂದು ಡಾಲರೂ ಜಾಸ್ತಿ ಇಲ್ಲ. ಎರಡನೆಯದನ್ನು ದಾಟಿದರೆ ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ. ನಮ್ಮ ಬೆಂಚಿನ ಮೇಲೆ ಹುಟ್ಟುವ ಯೋಜನೆಗಳಲ್ಲಿ ಅರ್ಧ "ಇಬ್ಬರನ್ನ ಕೊಟ್ಟು ಒಬ್ಬನ್ನ ತಗೋ" ಅನ್ನುವವೇ. ಆ ತಂಡ ಎರಡನೇ ಏಪ್ರನ್ ಮೇಲಿದ್ದರೆ ಅಲ್ಲಿಗೇ ಮುಗಿಯಿತು.

ಸೈನಿಂಗ್: ದುಡ್ಡು ಹೋಗುತ್ತದೆ, ಆಟಗಾರ ಹೋಗುವುದಿಲ್ಲ

ತೂತು ಒಂದೇ ಇದ್ದು, ದುಡ್ಡಿಗೆ ಜಾಗ ಇದ್ದರೆ ಮೊದಲು ಸೈನಿಂಗ್ ನೋಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಟ್ರೇಡ್‌ನಲ್ಲಿ ಏನಾದರೂ ಕೊಡಲೇಬೇಕು. ಸೈನಿಂಗ್‌ನಲ್ಲಿ ಕೊಡುವುದು ದುಡ್ಡು ಮಾತ್ರ. ಬದಲಿ ಆಟಗಾರರು ಹಾಗೆಯೇ ಉಳಿಯುತ್ತಾರೆ, ಪಿಕ್‌ಗಳೂ (ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್‌ನಲ್ಲಿ ಹೊಸ ಹುಡುಗರನ್ನು ಆರಿಸುವ ಸರದಿ) ಉಳಿಯುತ್ತವೆ.

2024ರ ಬೇಸಿಗೆಯಲ್ಲಿ ಒಕ್ಲಹಾಮಾ ಸಿಟಿ ಥಂಡರ್ ಮಾಡಿದ್ದನ್ನು ನೋಡಿ. ಆ ವರ್ಷ 57 ಪಂದ್ಯ ಗೆದ್ದು, ಪ್ಲೇಆಫ್ ಎರಡನೇ ಸುತ್ತಿನಲ್ಲಿ ಡಲ್ಲಾಸ್ ಎದುರು 4-2ರಿಂದ ಸೋತಿದ್ದರು. ಚೆಟ್ ಹೋಮ್‌ಗ್ರೆನ್ ಒಬ್ಬರೇ ದೊಡ್ಡ ಆಟಗಾರ, ಅವರೂ ಸಣಕಲು. ರಿಬೌಂಡ್‌ಗೆ ಇನ್ನೊಬ್ಬ ಬೇಕಿತ್ತು. ಅವರ ಹತ್ತಿರ ಕ್ಯಾಪ್ ಜಾಗ ಇತ್ತು. ನ್ಯೂಯಾರ್ಕ್ ನಿಕ್ಸ್‌ನಲ್ಲಿ ಆಡುತ್ತಿದ್ದ ಐಸೇಯಾ ಹಾರ್ಟನ್‌ಸ್ಟೈನ್ ಅವರನ್ನು 3 ವರ್ಷಕ್ಕೆ 8 ಕೋಟಿ 70 ಲಕ್ಷ ಡಾಲರ್‌ಗೆ ಕರೆದರು. ನಿಕ್ಸ್‌ಗೂ ಅವರನ್ನು ಬಿಡುವ ಮನಸ್ಸಿರಲಿಲ್ಲ. ಆದರೆ ನಿಯಮದ ಪ್ರಕಾರ ನಿಕ್ಸ್ ಕೊಡಬಹುದಾಗಿದ್ದು ಹೆಚ್ಚೆಂದರೆ 4 ವರ್ಷಕ್ಕೆ ಸುಮಾರು 7 ಕೋಟಿ 25 ಲಕ್ಷ. ಸವಾಲಿನಲ್ಲಿ ಒಬ್ಬನ ಕೈ ಕಟ್ಟಿದ್ದಾಗ ಇನ್ನೊಬ್ಬ ಕೂಗಿದ ಹಾಗೆ. ಗಂಜ್‌ನಲ್ಲಿ ದಿನಾ ನೋಡುವ ಮಾತಿದು: ಬೆಲೆ ನಿಲ್ಲುವುದು ಮಾಲಿನ ಗುಣದಿಂದ ಮಾತ್ರ ಅಲ್ಲ, ಆ ಹೊತ್ತಿಗೆ ಯಾರ ಕೈಯಲ್ಲಿ ದುಡ್ಡಿದೆ ಅನ್ನುವುದರಿಂದ.

ಆದ್ದರಿಂದ ಸೈನಿಂಗ್ ಯೋಜನೆ ಬರೆಯುವಾಗ ಆಟಗಾರನ ಹೆಸರಿನ ಪಕ್ಕದಲ್ಲೇ, ಆ ಬೇಸಿಗೆಯಲ್ಲಿ ಎಷ್ಟು ತಂಡಗಳಿಗೆ ಜಾಗ ಇದೆ ಅಂತಲೂ ಬರೆಯಿರಿ. ಎರಡು ಮೂರೇ ತಂಡ ಇದ್ದರೆ ಒಳ್ಳೆಯ ಆಟಗಾರರು ಮಿಡ್-ಲೆವೆಲ್ ಬೆಲೆಗೂ ಸಿಗುತ್ತಾರೆ. 2016ರಲ್ಲಿ ಇದರ ಉಲ್ಟಾ ಆಯಿತು. ಕ್ಯಾಪ್ 7 ಕೋಟಿಯಿಂದ 9 ಕೋಟಿ 41 ಲಕ್ಷಕ್ಕೆ ಒಂದೇ ಸಲ ಹಾರಿತು. ಎಲ್ಲರ ಕೈಯಲ್ಲೂ ದುಡ್ಡು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಆ ಜಾಗದಲ್ಲಿ ಕೆವಿನ್ ಡ್ಯುರಾಂಟ್ ಅವರನ್ನೇ ತಂದರು. ಉಳಿದ ಹಲವು ತಂಡಗಳು ಸಾಧಾರಣ ಆಟಗಾರರಿಗೆ ನಾಲ್ಕು ವರ್ಷದ ದೊಡ್ಡ ಕರಾರು ಬರೆದುಕೊಟ್ಟು ಆಮೇಲೆ ಒದ್ದಾಡಿದವು.

ಇನ್ನೊಂದು ಮಾತು. ಸೈನಿಂಗ್ ಅಂದರೆ ಹೊರಗಿನವರನ್ನು ತರುವುದು ಮಾತ್ರ ಅಲ್ಲ. ಇರುವವರನ್ನು ಉಳಿಸಿಕೊಳ್ಳುವುದೂ ಅದೇ. ಜೇಲನ್ ಬ್ರನ್ಸನ್ 2018ರಲ್ಲಿ 33ನೇ ಪಿಕ್ ಆಗಿ ಡಲ್ಲಾಸ್‌ಗೆ ಬಂದವರು. ಡಲ್ಲಾಸ್ ಅವರಿಗೆ ಮೊದಲೇ 4 ವರ್ಷಕ್ಕೆ ಸುಮಾರು ಐದೂವರೆ ಕೋಟಿ ಡಾಲರ್‌ಗೆ ಕರಾರು ಮುಂದುವರಿಸಬಹುದಿತ್ತು. ಆಗಲಿಲ್ಲ. 2022ರಲ್ಲಿ ನಿಕ್ಸ್ 10 ಕೋಟಿ 40 ಲಕ್ಷ ಕೊಟ್ಟು ಕರೆದುಕೊಂಡು ಹೋದರು. ಡಲ್ಲಾಸ್‌ಗೆ ಬದಲಿಗೆ ಏನೂ ಸಿಗಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಹೊಸಬರ ಪಟ್ಟಿಗಿಂತ ಮುಂಚೆ ಒಂದು ಸಾಲು ಇರುತ್ತದೆ: ನಮ್ಮವರಲ್ಲಿ ಯಾರ ಕರಾರು ಈ ವರ್ಷ ಮುಗಿಯುತ್ತದೆ? ಆ ಸಾಲು ಬರೆಯದೆ ಮುಂದೆ ಹೋಗಬೇಡಿ.

ಸೈನಿಂಗ್‌ನ ದೊಡ್ಡ ತೊಂದರೆ ಸಮಯ. ಜೂನ್ 30ರ ಸಂಜೆ ಆರಕ್ಕೆ, ಅಂದರೆ ನಮಗೆ ಜುಲೈ 1ರ ಬೆಳಗಿನ ಜಾವ 3:30ಕ್ಕೆ ಮಾತುಕತೆ ಶುರು. ಕೆಲವೇ ದಿನದಲ್ಲಿ ಒಳ್ಳೆಯ ಮಾಲೆಲ್ಲ ಖಾಲಿ. ತಪ್ಪು ಆರಿಸಿದರೆ ತಕ್ಷಣ ಬದಲಿಸಲೂ ಆಗುವುದಿಲ್ಲ. ಹೊಸದಾಗಿ ಸೈನ್ ಮಾಡಿದವನನ್ನು ಸಾಮಾನ್ಯವಾಗಿ ಡಿಸೆಂಬರ್ 15ರವರೆಗೆ ಟ್ರೇಡ್ ಮಾಡುವಂತಿಲ್ಲ.

ಚಿಕ್ಕ ಟ್ರೇಡ್: ನನಗೆ ಅತಿ ಇಷ್ಟದ್ದು

ಅದೇ 2024ರ ಜೂನ್‌ನಲ್ಲಿ ಥಂಡರ್ ಇನ್ನೊಂದು ಕೆಲಸ ಮಾಡಿತ್ತು. 21 ವರ್ಷದ ಜಾಶ್ ಗಿಡ್ಡಿ ಅವರನ್ನು ಶಿಕಾಗೋಗೆ ಕೊಟ್ಟು 30 ವರ್ಷದ ಅಲೆಕ್ಸ್ ಕರೂಸೋ ಅವರನ್ನು ತಂದಿತು. ಒಬ್ಬರಿಗೆ ಒಬ್ಬರು, ಮಧ್ಯೆ ಪಿಕ್ ಇಲ್ಲ. ಗಿಡ್ಡಿ 2021ರಲ್ಲಿ ಆರನೇ ಪಿಕ್. ಕರೂಸೋ ಅವರನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ. ನಮ್ಮ ಬೆಂಚಿನ ಮೇಲೆ ಅವತ್ತು ಎಲ್ಲರೂ ಥಂಡರ್‌ಗೆ ನಷ್ಟ ಅಂದೆವು.

ಆದರೆ ಅವರು ನೋಡಿದ್ದು ಹೆಸರನ್ನಲ್ಲ, ತೂತನ್ನು. ಡಲ್ಲಾಸ್ ಸರಣಿಯಲ್ಲಿ ಎದುರಾಳಿಗಳು ಗಿಡ್ಡಿಯವರನ್ನು ಹೊರಗೆ ಒಂಟಿಯಾಗಿ ಬಿಟ್ಟು, ಉಳಿದವರ ದಾರಿ ಕಟ್ಟುತ್ತಿದ್ದರು. ಕೊನೆಗೆ ಅವರು ಮೊದಲ ಐದರಿಂದಲೇ ಹೊರಗೆ ಬಿದ್ದರು. ಚೆಂಡು ಕೈಯಲ್ಲಿ ಬೇಕು ಅನ್ನುವ ಇನ್ನೊಬ್ಬ ಆಟಗಾರ ಆ ತಂಡಕ್ಕೆ ಬೇಕಿರಲಿಲ್ಲ. ಚೆಂಡು ಇಲ್ಲದೆಯೂ ಕೆಲಸಕ್ಕೆ ಬರುವವನು ಬೇಕಿತ್ತು.

ಒಂದು ವರ್ಷ ಕಳೆಯಿತು. 2025ರ ಮೇ ತಿಂಗಳು, ಡೆನ್ವರ್ ಎದುರು ಏಳನೇ ಪಂದ್ಯ. ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. ಕಲಬುರಗಿಯ ಮೇ ತಿಂಗಳಲ್ಲಿ ಒಳಗೆ ಮಲಗುವ ಮಾತೇ ಇಲ್ಲ. ಮಾಳಿಗೆಯ ಮೇಲೆ ಹಾಸಿಗೆ, ಪಕ್ಕದಲ್ಲಿ ನೀರಿನ ತಂಬಿಗೆ, ಮೊಬೈಲ್ ಬೆಳಕು ಮಕ್ಕಳ ಮುಖಕ್ಕೆ ಬೀಳದ ಹಾಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದೆ. ನಿಕೋಲಾ ಯೋಕಿಚ್ 6 ಅಡಿ 11 ಇಂಚು, ಭಾರೀ ಮೈ. ಅವರನ್ನು ಕಾಯಲು ಬಂದವರು 6 ಅಡಿ 5 ಇಂಚಿನ ಗಾರ್ಡ್ ಕರೂಸೋ. ಯೋಕಿಚ್ ಬೆನ್ನು ತಿರುಗಿಸಿ ಒತ್ತುತ್ತಾರೆ. ಕರೂಸೋ ಹಿಂದಿನಿಂದ ತಳ್ಳುತ್ತಾ ನಿಲ್ಲುವುದಿಲ್ಲ. ಮುಂದೆ ಬಂದು ನಿಂತು, ಚೆಂಡು ಬರುವ ದಾರಿಗೇ ಕೈ ಚಾಚುತ್ತಾರೆ. ಪಾಸ್ ಬಂದರೆ ತಾನೇ ಶಾಟ್? ಪಾಸ್ ಕೊಡುವವರು ಎರಡು ಸಲ ಯೋಚಿಸಿ ಚೆಂಡನ್ನು ಬೇರೆ ಕಡೆ ಕೊಡುತ್ತಿದ್ದರು. ಯೋಕಿಚ್ 20 ಪಾಯಿಂಟ್‌ಗೆ ನಿಂತರು. ಥಂಡರ್ 125-93ರಿಂದ ಗೆದ್ದಿತು. ಮುಂದೆ ಫೈನಲ್‌ನಲ್ಲಿ ಇಂಡಿಯಾನಾ ಪೇಸರ್ಸ್ ಎದುರು 4-3ರಿಂದ ಗೆದ್ದು ಚಾಂಪಿಯನ್ ಆಯಿತು.

ಚಿಕ್ಕ ಟ್ರೇಡ್‌ನ ಬೆಲೆ ಇದು. ನಿಮ್ಮಲ್ಲಿ ಕೂಡದವನು ಇನ್ನೊಬ್ಬರ ತಂಡದಲ್ಲಿ ಕೂಡಬಹುದು. ಗಿಡ್ಡಿಯವರಿಗೂ ಶಿಕಾಗೋದಲ್ಲಿ ಚೆಂಡು ಸಿಕ್ಕಿತು, ಚೆನ್ನಾಗಿಯೇ ಆಡಿದರು. ಇಬ್ಬರಿಗೂ ಲಾಭ ಆಗುವ ಟ್ರೇಡ್ ಬರೆದರೆ ಮಾತ್ರ ಎದುರಿನವರು ಹೂಂ ಅನ್ನುತ್ತಾರೆ. ನಿಮ್ಮ ಯೋಜನೆ ಬರೆದ ಮೇಲೆ ಹಾಳೆ ತಿರುಗಿಸಿ, ಎದುರಿನ ತಂಡದ 240 ನಿಮಿಷವನ್ನೂ ಒಮ್ಮೆ ಬರೆದು ನೋಡಿ. ನೀವು ಕೊಡುವವನಿಗೆ ಅಲ್ಲಿ ಜಾಗವೇ ಇಲ್ಲದಿದ್ದರೆ ಅದು ಟ್ರೇಡ್ ಅಲ್ಲ, ಬರೀ ನಮ್ಮ ಆಸೆ.

ದೊಡ್ಡ ಟ್ರೇಡ್: ಬಿತ್ತನೆಗೆ ಇಟ್ಟದ್ದನ್ನು ಮಾರುವುದು

ಮುಂದಿನ ವರ್ಷಗಳ ಡ್ರಾಫ್ಟ್ ಪಿಕ್ ಅಂದರೆ ಬಿತ್ತನೆಗೆ ಇಟ್ಟ ತೊಗರಿ. ಮಾರಿದರೆ ಈ ವರ್ಷ ಕೈ ತುಂಬಾ ದುಡ್ಡು. ಮಳೆ ಬಂದಾಗ ಹೊಲದಲ್ಲಿ ಹಾಕಲು ಏನಿದೆ? ಹಾಗಂತ ಮಾರಲೇಬಾರದು ಅಂತ ನಾನು ಹೇಳುವುದಿಲ್ಲ. ಯಾವಾಗ ಮಾರಬೇಕು ಅನ್ನುವುದಕ್ಕೆ ಎರಡು ಟ್ರೇಡ್ ಪಕ್ಕಪಕ್ಕ ಇಟ್ಟು ನೋಡೋಣ.

2018ರಲ್ಲಿ ಟೊರಾಂಟೊ ರಾಪ್ಟರ್ಸ್ ತಮ್ಮ ಊರಿನ ಪ್ರೀತಿಯ ಡೆಮಾರ್ ಡಿರೋಜನ್, ಜೊತೆಗೆ ಯಾಕೊಬ್ ಪೊಯೆಲ್ಟ್ಲ್, ಒಂದು ಮೊದಲ ಸುತ್ತಿನ ಪಿಕ್ ಕೊಟ್ಟು ಕವಾಯ್ ಲೆನರ್ಡ್ ಮತ್ತು ಡ್ಯಾನಿ ಗ್ರೀನ್ ಅವರನ್ನು ತಂದರು. ಲೆನರ್ಡ್ ಕರಾರಿನಲ್ಲಿ ಉಳಿದಿದ್ದು ಒಂದೇ ವರ್ಷ. ಆ ಒಂದೇ ವರ್ಷದಲ್ಲಿ, 2019ರಲ್ಲಿ, ಟೊರಾಂಟೊ ಚಾಂಪಿಯನ್ ಆಯಿತು. ಲೆನರ್ಡ್ ಜುಲೈನಲ್ಲಿ ಬಿಟ್ಟು ಹೋದರು. ಕೊಟ್ಟಿದ್ದು ಒಂದೇ ಪಿಕ್, ಹಾಗಾಗಿ ಹೊಲ ಬರಡಾಗಲಿಲ್ಲ.

ಅದೇ 2019ರ ಜುಲೈನಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಪಾಲ್ ಜಾರ್ಜ್ ಅವರಿಗಾಗಿ ಥಂಡರ್‌ಗೆ ಐದು ಮೊದಲ ಸುತ್ತಿನ ಪಿಕ್, ಡನಿಲೊ ಗಲ್ಲಿನಾರಿ, ಜೊತೆಗೆ ಶೇ ಗಿಲ್ಜಸ್-ಅಲೆಕ್ಸಾಂಡರ್ ಅನ್ನುವ ಹುಡುಗನನ್ನು ಕೊಟ್ಟರು. ಜಾರ್ಜ್ 2024ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದರು, ಕ್ಲಿಪ್ಪರ್ಸ್‌ಗೆ ಕಪ್ ಬರಲಿಲ್ಲ. ಆ ಹುಡುಗ 2025ರಲ್ಲಿ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ), ಫೈನಲ್ ಎಂವಿಪಿ ಎರಡೂ ಆದರು. ಆ ಐದು ಪಿಕ್‌ಗಳಲ್ಲಿ ಒಂದು 2022ರಲ್ಲಿ 12ನೇ ಸ್ಥಾನಕ್ಕೆ ಬಂದು ಜೇಲನ್ ವಿಲಿಯಮ್ಸ್ ಆಯಿತು.

ಎರಡರಲ್ಲೂ ಬಂದವರು ದೊಡ್ಡ ಆಟಗಾರರೇ. ವ್ಯತ್ಯಾಸ ಇರುವುದು ಕೊಟ್ಟದ್ದರಲ್ಲಿ. ಟೊರಾಂಟೊ ತನ್ನ ಇವತ್ತಿನದರಲ್ಲಿ ಕೊಟ್ಟಿತು. ಕ್ಲಿಪ್ಪರ್ಸ್ ನಾಳೆಯದನ್ನು ಕೊಟ್ಟಿತು. ಪಿಕ್ ರಾಶಿ ಕೊಡುವಾಗ ಇನ್ನೂ ಬೆಳೆಯುತ್ತಿರುವ ಹುಡುಗನನ್ನೂ ಸೇರಿಸಿ ಕೊಡಬೇಡಿ. ಎರಡರಲ್ಲಿ ಒಂದನ್ನಾದರೂ ಹಿಡಿದಿಟ್ಟುಕೊಳ್ಳಿ.

ವಯಸ್ಸನ್ನೂ ನೋಡಬೇಕು. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ 37 ವರ್ಷದ ಕೆವಿನ್ ಗಾರ್ನೆಟ್, 35 ವರ್ಷದ ಪಾಲ್ ಪಿಯರ್ಸ್ ಅವರನ್ನು ಬಾಸ್ಟನ್‌ನಿಂದ ತಂದಿತು. 2014, 2016, 2018ರ ಪಿಕ್ ಕೊಟ್ಟಿತು, 2017ರ ಪಿಕ್ ಬದಲಾಯಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ನೆಟ್ಸ್ ಗೆದ್ದದ್ದು ಒಂದೇ ಒಂದು ಪ್ಲೇಆಫ್ ಸರಣಿ. ಬಾಸ್ಟನ್‌ಗೆ ಆ ಪಿಕ್‌ಗಳಿಂದ ಜೇಲನ್ ಬ್ರೌನ್, ಜೇಸನ್ ಟೇಟಮ್ ಬಂದರು. ಆ ಇಬ್ಬರೇ 2024ರಲ್ಲಿ ಬಾಸ್ಟನ್‌ಗೆ ಕಪ್ ತಂದುಕೊಟ್ಟರು.

ಆ ವರ್ಷಗಳನ್ನು ಗಮನಿಸಿದಿರಾ? ಒಂದು ವರ್ಷ ಬಿಟ್ಟು ಒಂದು ವರ್ಷ. ಅದಕ್ಕೆ ಕಾರಣ ಸ್ಟೆಪಿಯನ್ ನಿಯಮ. 1980ರ ದಶಕದ ಶುರುವಿನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಒಂದರ ಹಿಂದೆ ಒಂದು ಪಿಕ್ ಮಾರಿಬಿಟ್ಟಿದ್ದರು. ಆಮೇಲೆ ಲೀಗ್ ಈ ನಿಯಮ ತಂದಿತು. ಮುಂದಿನ ಸತತ ಎರಡು ವರ್ಷ ಮೊದಲ ಸುತ್ತಿನ ಪಿಕ್ ಇಲ್ಲದ ಹಾಗೆ ಯಾವ ತಂಡವೂ ಮಾರುವಂತಿಲ್ಲ. ನಿಮ್ಮ ಯೋಜನೆಯಲ್ಲಿ 2027, 2028 ಎರಡೂ ಪಿಕ್ ಕೊಟ್ಟಿದ್ದರೆ ಈಗಲೇ ತಿದ್ದಿಕೊಳ್ಳಿ.

ಫೀನಿಕ್ಸ್ ಸನ್ಸ್ ಕತೆ ನನಗೆ ನೋವಿನದ್ದು, ನನ್ನ ತಂಡ ಅದೇ. 2023ರ ಫೆಬ್ರವರಿಯಲ್ಲಿ ಡ್ಯುರಾಂಟ್ ಅವರಿಗಾಗಿ ಮಿಕಲ್ ಬ್ರಿಡ್ಜಸ್, ಕ್ಯಾಮ್ ಜಾನ್ಸನ್ ಮತ್ತು 2023, 2025, 2027, 2029ರ ಪಿಕ್‌ಗಳು ಹೋದವು. ಅದೇ ಜೂನ್‌ನಲ್ಲಿ ಬ್ರಾಡ್ಲಿ ಬೀಲ್ ಬಂದರು. ಅವರ ಕರಾರಿನಲ್ಲಿ ತನ್ನ ಒಪ್ಪಿಗೆ ಇಲ್ಲದೆ ಟ್ರೇಡ್ ಮಾಡಬಾರದು ಅನ್ನುವ ಷರತ್ತಿತ್ತು. ಡೆವಿನ್ ಬುಕರ್ ಸೇರಿ ಮೂವರು ದೊಡ್ಡ ಆಟಗಾರರು, ತಂಡ ಎರಡನೇ ಏಪ್ರನ್ ಮೇಲೆ. ಬೆಂಚಿನ ತುಂಬಾ ಕನಿಷ್ಠ ಸಂಬಳದವರು. 240 ನಿಮಿಷದಲ್ಲಿ ಆ ಮೂವರು ನೂರಹತ್ತು ಆಡಿದರೂ ಉಳಿದ 130 ಯಾರದು? 2024-25ರಲ್ಲಿ 36 ಗೆಲುವು, 46 ಸೋಲು, ಪ್ಲೇಆಫ್ ಇಲ್ಲ. ಆ ಬೇಸಿಗೆಯಲ್ಲಿ ಡ್ಯುರಾಂಟ್ ಹ್ಯೂಸ್ಟನ್‌ಗೆ ಹೋದರು. ಬೀಲ್ ಅವರನ್ನು ಬಿಡಿಸಲು ಐದು ವರ್ಷ, ವರ್ಷಕ್ಕೆ ಸುಮಾರು 1 ಕೋಟಿ 94 ಲಕ್ಷ ಡಾಲರ್ ಲೆಕ್ಕದಲ್ಲಿ ಹೊರಬೇಕಾಯಿತು. ಡ್ಯುರಾಂಟ್ ಬಂದ ದಿನ ನಾನೇ ಬೆಂಚಿನವರಿಗೆಲ್ಲ ಮಾಲ್ಪುರಿ ಹಂಚಿದ್ದೆ. ಅವತ್ತು ಬ್ರಿಡ್ಜಸ್ ಆಡುತ್ತಿದ್ದ ನಿಮಿಷಗಳ ಬಗ್ಗೆ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ದೊಡ್ಡ ಟ್ರೇಡ್‌ಗೆ ನಾನು ಹೂಂ ಅನ್ನುವುದು ಒಂದೇ ಸಂದರ್ಭದಲ್ಲಿ. ತಂಡದಲ್ಲಿ ಈಗಾಗಲೇ ಮೊದಲ ಸಾಲಿನ ಆಟಗಾರ ಇರಬೇಕು. ಬರುವವನ ವಯಸ್ಸು ಅವನಿಗೆ ಹೊಂದಬೇಕು. ಟ್ರೇಡ್ ಆದ ಮೇಲೂ ನಂಬಿ ಆಡಿಸಬಹುದಾದ ಏಳು ಜನ ಉಳಿಯಬೇಕು. ಇದರಲ್ಲಿ ಒಂದು ತಪ್ಪಿದರೂ ನಾನು ಕೈ ಎತ್ತುವುದಿಲ್ಲ.

ಕಾಯುವುದೂ ಒಂದು ಆಯ್ಕೆ

ಯೋಜನೆ ಬರೆಯುವವರಿಗೆ ಇದು ರುಚಿಸುವುದಿಲ್ಲ, ಅಲ್ವಾ? ಆದರೆ ಥಂಡರ್‌ನ ಗೆಲುವುಗಳನ್ನು 2020-21ರಿಂದ ಸಾಲಾಗಿ ಓದಿ: 22, 24, 40, 57, 68. ಮೊದಲ ಎರಡು ವರ್ಷ ನೋಡಲು ಕಷ್ಟ. ಆ ಎರಡು ವರ್ಷದಲ್ಲಿ ಪಿಕ್‌ಗಳನ್ನು ಮಾರಿ ಮಧ್ಯ ವಯಸ್ಸಿನ ಇಬ್ಬರನ್ನು ತಂದಿದ್ದರೆ 38 ಗೆಲುವು ಸಿಗುತ್ತಿತ್ತೇನೋ. 68 ಮಾತ್ರ ಸಿಗುತ್ತಿರಲಿಲ್ಲ ಅಂತ ನಾನು ನಂಬುತ್ತೇನೆ.

ಮೊದಲ ಸುತ್ತಿನ ಪಿಕ್‌ಗೆ ನಾಲ್ಕು ವರ್ಷ ನಿಗದಿ ಸಂಬಳ. ಹುಡುಗ ಚೆನ್ನಾಗಿ ಆಡಿದರೆ ಅದಕ್ಕಿಂತ ಅಗ್ಗದ ಮಾಲು ಲೀಗಿನಲ್ಲಿ ಇಲ್ಲ. ಏಪ್ರನ್ ನಿಯಮ ಬಂದ ಮೇಲೆ ಇದರ ಬೆಲೆ ಇನ್ನೂ ಜಾಸ್ತಿಯಾಗಿದೆ. ಎರಡನೇ ಸುತ್ತಿನ ಪಿಕ್ ಹಾಗಲ್ಲ. ಯೋಕಿಚ್ 2014ರಲ್ಲಿ 41ನೆಯವರು, ಎಂವಿಪಿ ಆದರು. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವರು. ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲಿಗರು, ಆದರೆ ಎನ್‌ಬಿಎ ಪಂದ್ಯ ಆಡುವ ಅವಕಾಶ ಬರಲಿಲ್ಲ. ಹಾಗಾಗಿ ಚಿಕ್ಕ ಟ್ರೇಡ್ ಮುಗಿಸಲು ಏನಾದರೂ ಸೇರಿಸಬೇಕಾದರೆ ಎರಡನೇ ಸುತ್ತಿನದನ್ನೇ ಸೇರಿಸಿ.

ಬೈಔಟ್, ಅಂದರೆ ತಂಡ ದುಡ್ಡು ಕೊಟ್ಟು ಆಟಗಾರನನ್ನು ಕರಾರಿನಿಂದ ಬಿಡಿಸುವುದು, ಅದರ ಬಗ್ಗೆ ಎರಡೇ ಮಾತು. ಫೆಬ್ರವರಿ ಗಡುವಿನ ಮೇಲೆ ಬಿಡುಗಡೆಯಾದವರು ಅಗ್ಗಕ್ಕೆ ಸಿಗುತ್ತಾರೆ. ಮಾರ್ಚ್ 1ರ ಒಳಗೆ ಹಳೆಯ ತಂಡ ಬಿಟ್ಟಿರಬೇಕು, ಇಲ್ಲದಿದ್ದರೆ ಹೊಸ ತಂಡಕ್ಕೆ ಪ್ಲೇಆಫ್ ಆಡುವಂತಿಲ್ಲ. ಒಂಬತ್ತನೇ ಆಟಗಾರನಿಗೆ ಸಾಕು, ಐದನೆಯವನಿಗೆ ಸಾಲದು.

ಒಂದು ಹಾಳೆ ಬಿಡಿಸಿ ನೋಡೋಣ

ಹೋದ ವಾರ ಬೆಂಚಿನ ಮೇಲೆ ಮಾಡಿದ ಲೆಕ್ಕ ಇದು. ತಂಡ ಊಹೆಯದು, ನಿಯಮ 2025-26ರದ್ದು. 14 ಜನ ಇದ್ದಾರೆ. ಒಟ್ಟು ಸಂಬಳ 18 ಕೋಟಿ 20 ಲಕ್ಷ ಡಾಲರ್. ತೂತು ಒಂದೇ: ಎರಡನೇ ಸೆಂಟರ್, 16 ನಿಮಿಷ. ಮಾಲೀಕರು ಟ್ಯಾಕ್ಸ್ ಗೆರೆ ದಾಟಬಾರದು ಅಂದಿದ್ದಾರೆ.

ಇಂಜಿನಿಯರಿಂಗ್ ಹುಡುಗ ಪೂರ್ತಿ ಮಿಡ್-ಲೆವೆಲ್ ಕೊಡೋಣ ಅಂದ. 18 ಕೋಟಿ 20 ಲಕ್ಷಕ್ಕೆ 1 ಕೋಟಿ 41 ಲಕ್ಷ ಚಿಲ್ಲರೆ ಸೇರಿಸಿದರೆ 19 ಕೋಟಿ 61 ಲಕ್ಷ. ಮಾಲೀಕರ ಮಾತು ಬಿಡಿ, ಮೊದಲ ಏಪ್ರನ್ನೇ ದಾಟಿತು. ಲೀಗ್ ಒಪ್ಪುವುದಿಲ್ಲ.

ಎರಡನೆಯದು 56 ಲಕ್ಷ 85 ಸಾವಿರದ ಚಿಕ್ಕ ಸೈನಿಂಗ್. ಒಟ್ಟು 18 ಕೋಟಿ 76 ಲಕ್ಷ 85 ಸಾವಿರ. ಟ್ಯಾಕ್ಸ್ ಗೆರೆಗೆ ಎರಡು ಲಕ್ಷ ಚಿಲ್ಲರೆ ಮಾತ್ರ ಬಾಕಿ. ತೂತು ಮುಚ್ಚಿತು. ಆದರೆ ಫೆಬ್ರವರಿಯಲ್ಲಿ ಸ್ವಲ್ಪ ಜಾಸ್ತಿ ಸಂಬಳದವನನ್ನು ತರುವ ದಾರಿಯೂ ಮುಚ್ಚಿತು.

ಮೂರನೆಯದು ಚಿಕ್ಕ ಟ್ರೇಡ್. 80 ಲಕ್ಷ ಸಂಬಳದ, 9 ನಿಮಿಷ ಆಡುವ ಫಾರ್ವರ್ಡ್ ಒಬ್ಬನನ್ನೂ ಎರಡನೇ ಸುತ್ತಿನ ಎರಡು ಪಿಕ್‌ಗಳನ್ನೂ ಕೊಟ್ಟು 95 ಲಕ್ಷದ ಸೆಂಟರ್ ಒಬ್ಬನನ್ನು ತರುವುದು. ಒಟ್ಟು 18 ಕೋಟಿ 35 ಲಕ್ಷ. ಟ್ಯಾಕ್ಸ್ ಗೆರೆಗೆ ಇನ್ನೂ 44 ಲಕ್ಷ ಹತ್ತಿರ ಬಾಕಿ. ಬೇಕೆಂದರೆ ಅದರಲ್ಲಿ 15ನೇ ಆಟಗಾರನನ್ನೂ ಸೈನ್ ಮಾಡಬಹುದು. ಯಾವುದನ್ನು ಮೊದಲು ಮಾಡುತ್ತೀರಿ ಅನ್ನುವುದರ ಮೇಲೆ ಎಷ್ಟು ದಾರಿ ಉಳಿಯುತ್ತವೆ ನೋಡಿ. ನನ್ನ ಓಟು ಮೂರನೆಯದಕ್ಕೆ. ಒಂದೇ ಷರತ್ತು, ಬರುವ ಸೆಂಟರ್‌ನ ಕರಾರು ನಾವು ಕೊಡುವವನ ಕರಾರಿಗಿಂತ ಉದ್ದ ಇರಬಾರದು.

ಟ್ರೇಡ್ ಆಯಿತು ಅಂದುಕೊಂಡು ಹಾಳೆಯಲ್ಲಿ ಹೊಸ ಸೆಂಟರ್ ಹೆಸರಿನ ಮುಂದೆ 16 ಬರೆದೆ. ಹೋದ ಫಾರ್ವರ್ಡ್‌ನ 9 ನಿಮಿಷ ಖಾಲಿ ಉಳಿಯಿತು. ಲೀಗಿನಲ್ಲಿ ಎರಡನೇ ವರ್ಷ ಆಡುವ ಹುಡುಗನೊಬ್ಬ ಆ ತಂಡದ ಬದಲಿಗಳಲ್ಲಿದ್ದ. ಅವನ ಮುಂದೆ 9 ಹಾಕಿದೆ. ಮಾಸ್ತರ್ ಚಹಾದ ಕಪ್ಪು ಕೆಳಗಿಟ್ಟು ಪೆನ್ನು ಇಸಕೊಂಡರು. 9 ಹೊಡೆದು ಹಾಕಿ 6 ಬರೆದರು. "ಉಳಿದ 3 ನಿಮಿಷ ಹಳೇ ಗಾರ್ಡ್‌ಗೆ ಕೊಡ್ರಿ. ಹುಡುಗಗ ಡಿಸೆಂಬರ್ ತನಕ ಒಂದೇ ಸಲ ಭಾರ ಹಾಕಬ್ಯಾಡ್ರಿ" ಅಂದರು. ಕೂಡಿಸಿ ನೋಡಿದೆವು. 240 ಸರಿಯಾಗಿತ್ತು.